ಗಾಜಿನ ತಟ್ಟೆಯಲ್ಲಿ ಬೆಳ್ಳುಳ್ಳಿ

ನಮ್ಮ ಅಡಿಗೆಯ ಮನೆಯ ಸಾಂಬಾರದ ಡಬ್ಬಿಯೇ ಒಂದು ಔಷಧಶಾಲೆಯೆಂಬ ಮಾತನ್ನು ಕೇಳದ ಗೃಹಸ್ಥರು ವಿರಳ. ಅರಿಸಿನ, ಓಮ, ಲವಂಗ, ದಾಲ್ಚಿನ್ನಿ, ಬೆಳ್ಳುಳ್ಳಿ, ಹಿತ್ತಿಲಿನ ತುಳಸಿ, ಬೇವು, ವೀಳ್ಯದೆಲೆ, ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ರೋಗವನ್ನು ಗುಣಪಡಿಸುವ ಕೀರ್ತಿಯುಂಟು. ಈಚೆಗೆ ಈ ಕೀರ್ತಿಗೆ ಪ್ರಯೋಗಶಾಲೆಯ ಮುದ್ರೆಯೂ ಬೀಳುತ್ತಿದೆ. "ಇಂತಹ ಮೂಲಿಕೆಯ ಸಾರವು ಯೀಸ್ಟೆಂಬ ಶಿಲೀಂಧ್ರವನ್ನು ಕೊಲ್ಲುವುದೆಂದು ವಿಜ್ಞಾನಿಗಳು ಕಂಡಿದ್ದಾರೆ" ಎಂಬ ವಾರ್ತೆ ಆಗಾಗ ವೃತ್ತಪತ್ರಿಕೆಗಳಲ್ಲಿ ಬರುವುದು. ಅದನ್ನು ಓದಿದ ಮಾರನೆಯ ದಿನವೇ ಆ ಮೂಲಿಕೆಯನ್ನು ಅರೆದು ಕೂಸಿನ ಬಾಯಿಗೆ ಹಚ್ಚುವವರೂ ಇರುವರು. ವಾರ್ತೆಯೇನೋ ಸುಳ್ಳಲ್ಲ. ಆದರೆ ವ್ಯಾಕರಣವನ್ನು ಪಾಠ ಹೇಳಿ ಅಭ್ಯಾಸವಾಗಿರುವ ನಮಗೆ "ಕಂಡಿದ್ದಾರೆ" ಎಂಬ ಕ್ರಿಯಾಪದವನ್ನು ನೋಡಿದ ಕೂಡಲೆ ಕರ್ತೃ, ಕರ್ಮ, ಅಧಿಕರಣಗಳನ್ನು ಕೇಳಬೇಕೆನಿಸುವುದು. ಯಾರು ಕಂಡರು? ಏನನ್ನು ಕಂಡರು? ಎಲ್ಲಿ ಕಂಡರು? ಮೂರನೆಯ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ "ಗಾಜಿನ ತಟ್ಟೆಯಲ್ಲಿ" ಎಂಬುದಾಗಿರುವುದು. ಗಾಜಿನ ತಟ್ಟೆಗೂ ಮನುಷ್ಯನ ದೇಹಕ್ಕೂ ನಡುವೆ ಎಷ್ಟು ದೂರವಿದೆಯೆಂಬುದನ್ನು ಬೆಳ್ಳುಳ್ಳಿಯೊಂದನ್ನೇ ನಿದರ್ಶನವಾಗಿಟ್ಟುಕೊಂಡು ವಿಚಾರಮಾಡಬೇಕೆಂಬುದು ಈ ಲೇಖನದ ಉದ್ದೇಶ. ಬೆಳ್ಳುಳ್ಳಿಯನ್ನು ಮನೆಯೊಳಕ್ಕೆ ತರದ ಆಚಾರವುಳ್ಳ ವಾಚಕರು ಮನ್ನಿಸಬೇಕು; ಓದುವುದರಿಂದ ಮೈಲಿಗೆಯಿಲ್ಲ.

ಮೊದಲು ಶತ್ರುವಿನ ಪರಿಚಯವಾಗಲಿ. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ, ಹಣ್ಣಿನ ರಸವನ್ನು ಮದ್ಯವಾಗಿಸುವ, ಒಂದೇ ಜೀವಕೋಶದ ಶಿಲೀಂಧ್ರಗಳಿಗೆ ಯೀಸ್ಟ್ ಎಂದು ಹೆಸರು. ಮದ್ಯಕ್ಕೆ ಬೆರೆಸುವ ಹುದುಗಿಗೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಿಣ್ವವೆಂಬ ಪದವಿದೆ; ಇಂದಿನ ಪಾಠಪುಸ್ತಕಗಳಲ್ಲಿ ಆ ಪದಕ್ಕೆ ಬೇರೆ ಅರ್ಥ ಬಂದಿರುವುದರಿಂದ ನಾವು ಯೀಸ್ಟ್ ಎಂದೇ ಬರೆಯುವೆವು. ಈ ಕುಲದಲ್ಲಿ ಮನುಷ್ಯರನ್ನು ಹೆಚ್ಚಾಗಿ ಕಾಡುವುದು ಕ್ಯಾಂಡಿಡ ಆಲ್ಬಿಕನ್ಸ್ ಎಂಬುದು. ಕ್ಯಾಂಡಿಡವೆಂಬ ಕುಲನಾಮವನ್ನು ೧೯೨೩ರಲ್ಲಿ ಹಾಲೆಂಡಿನ ಕ್ರಿಸ್ಟೀನ್ ಬೆರ್ಕ್‌ಹೌಟ್ ಎಂಬ ವಿದುಷಿ ಇಟ್ಟರು. ಲ್ಯಾಟಿನ್ ಭಾಷೆಯಲ್ಲಿ ಆ ಎರಡು ಪದಗಳಿಗೂ ಬಿಳುಪೆಂದೇ ಅರ್ಥ. ನಮ್ಮ ಆಲಂಕಾರಿಕರು ಕಂಡಿದ್ದರೆ ಪುನರುಕ್ತಿದೋಷವೆನ್ನುತ್ತಿದ್ದರು.

ಈ ಯೀಸ್ಟು ಹೊರಗಿನಿಂದ ಬಂದ ಕಳ್ಳನಲ್ಲ. ಎಷ್ಟೋ ಮಂದಿ ಆರೋಗ್ಯವಂತರ ಬಾಯಲ್ಲಿಯೂ ಕರುಳಿನಲ್ಲಿಯೂ ಇದು ಉಪದ್ರವವಿಲ್ಲದೆ ವಾಸಮಾಡಿಕೊಂಡಿರುವುದು. ದೇಹದ ರಕ್ಷಣಶಕ್ತಿಯೂ, ನೆರೆಯಲ್ಲಿ ವಾಸಿಸುವ ಬ್ಯಾಕ್ಟೀರಿಯಗಳೂ ಇದನ್ನು ಹದ್ದಿನಲ್ಲಿಟ್ಟಿರುವುವು. ಎಳೆಯ ಕೂಸುಗಳಲ್ಲಿಯೂ, ಗರ್ಭಿಣಿಯರಲ್ಲಿಯೂ, ಸಕ್ಕರೆಯ ರೋಗವು ಹತೋಟಿ ತಪ್ಪಿದವರಲ್ಲಿಯೂ, ಬ್ಯಾಕ್ಟೀರಿಯನಾಶಕ ಔಷಧಗಳನ್ನು ಬಹುಕಾಲ ಸೇವಿಸಿದವರಲ್ಲಿಯೂ, ಹಲ್ಲಿನ ಸೆಟ್ಟು ಕಟ್ಟಿಸಿಕೊಂಡ ವೃದ್ಧರಲ್ಲಿಯೂ ಈ ಹದ್ದು ಮುರಿಯುವುದುಂಟು. ಆಗ ನಾಲಿಗೆಯ ಮೇಲೂ ಕೆನ್ನೆಯ ಒಳಮೈಯಲ್ಲೂ ಮೊಸರಿನ ಕೆನೆಯಂತೆ ಬಿಳಿಯ ಪೊರೆ ಕಟ್ಟುವುದು. ಒರಸಿದರೆ ಕೆಳಗೆ ಕೆಂಪಗಿರುವುದು. ಸ್ತ್ರೀಯರಲ್ಲಿ ಗುಹ್ಯಸ್ಥಾನದ ತುರಿಕೆಯೂ ಉರಿಯೂ ಬಿಳಿಸೆರಗೂ ಕಾಣಿಸಿಕೊಳ್ಳುವುವು. ಇವು ಬಾಧಕವಾದರೂ ಸುಲಭಸಾಧ್ಯವಾದ ರೋಗಗಳು. ಆಸ್ಪತ್ರೆಯಲ್ಲಿ ಬಹಳ ನಿತ್ರಾಣರಾಗಿ ಮಲಗಿರುವವರ ರಕ್ತಕ್ಕೆ ಯೀಸ್ಟು ಪ್ರವೇಶಿಸಿತೆಂದರೆ ಮಾತ್ರ ಪ್ರಾಣಾಪಾಯವೇ ಸರಿ.

ಇದಕ್ಕೆ ಔಷಧಗಳು ಇಲ್ಲವೆ? ಉಂಟು, ಆದರೆ ಹಲವು ಬಗೆಯಿಲ್ಲ. ಬ್ಯಾಕ್ಟೀರಿಯಗಳಿಗೂ ನಮ್ಮ ಜೀವಕೋಶಗಳಿಗೂ ರಚನೆಯಲ್ಲಿ ಬಹಳ ಅಂತರವಿರುವುದರಿಂದ, ಅವಕ್ಕೆ ವಿಷವಾಗಿಯೂ ನಮಗೆ ನಿರಪಾಯವಾಗಿಯೂ ಇರುವ ವಸ್ತುಗಳು ಅನೇಕ ದೊರೆತಿವೆ. ಶಿಲೀಂಧ್ರವಾದರೋ ನಮಗೆ ದಾಯಾದಿ. ಅದರ ಜೀವಕೋಶದ ಏರ್ಪಾಡು ನಮ್ಮದನ್ನು ಬಹಳವಾಗಿ ಹೋಲುವುದು. ಅದಕ್ಕೆ ವಿಷವಾದದ್ದು ನಮಗೂ ವಿಷವಾಗುವ ಸಂಭವ ಹೆಚ್ಚು. ವೈದ್ಯರು ಹಿಡಿದಿರುವ ಮುಖ್ಯವಾದ ಭೇದ ಇದು: ನಮ್ಮ ಜೀವಕೋಶಗಳ ಹೊರಪೊರೆಯಲ್ಲಿ ಕೊಲೆಸ್ಟೆರಾಲ್ ಎಂಬ ವಸ್ತುವಿದೆ, ಯೀಸ್ಟಿನ ಪೊರೆಯಲ್ಲಿ ಅದಕ್ಕೆ ಬದಲಾಗಿ ಎರ್ಗೋಸ್ಟೆರಾಲ್ ಇದೆ. ನಿಸ್ಟಾಟಿನ್, ಆಂಫೊಟೆರಿಸಿನ್ ಎಂಬ ಔಷಧಗಳು ಈ ಎರ್ಗೋಸ್ಟೆರಾಲನ್ನು ಹಿಡಿದು ಪೊರೆಯನ್ನು ಕೆಡಿಸುವುವು. ಫ್ಲುಕೊನಜೋಲ್ ಎಂಬುದು ಅದು ತಯಾರಾಗದಂತೆಯೇ ತಡೆಯುವುದು. ಇಂತಹ ಕೆಲವೇ ಆಯುಧಗಳನ್ನು ಮತ್ತೆ ಮತ್ತೆ ಪ್ರಯೋಗಿಸಿದರೆ ಶತ್ರುವು ಅವಕ್ಕೆ ಒಗ್ಗಿಹೋಗುವುದು ಸಹಜ. ೨೦೦೯ರಲ್ಲಿ ಜಪಾನಿನ ಒಬ್ಬ ರೋಗಿಯ ಕಿವಿಯಿಂದ ತೆಗೆದ ಹೊಸ ಯೀಸ್ಟೊಂದನ್ನು ವಿದ್ವಾಂಸರು ವರ್ಣಿಸಿ, ಕಿವಿಯೆಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಕ್ಯಾಂಡಿಡ ಆರಿಸ್ ಎಂದು ಹೆಸರಿಟ್ಟರು. ಅದು ಇಂದು ಭಾರತವೂ ಸೇರಿದಂತೆ ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಕಾಣಿಸಿಕೊಂಡಿದೆ. ಅದರ ಹಲವು ತಳಿಗಳು ಫ್ಲುಕೊನಜೋಲಿಗೆ ಜಗ್ಗುವುದಿಲ್ಲ. ೨೦೨೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಪಾಯಕರವಾದ ಶಿಲೀಂಧ್ರಗಳ ಪಟ್ಟಿಯೊಂದನ್ನು ಮೊಟ್ಟಮೊದಲಿಗೆ ಪ್ರಕಟಿಸಿದಾಗ, ಅತ್ಯಂತ ಗುರುತರವಾದ ವರ್ಗದಲ್ಲಿ ಆರಿಸ್, ಆಲ್ಬಿಕನ್ಸ್ ಎರಡನ್ನೂ ಸೇರಿಸಿತು. ಹೊಸ ಔಷಧಗಳ ಹುಡುಕಾಟಕ್ಕೆ ಕಾರಣವು ಇದರಿಂದ ಸ್ಪಷ್ಟವಾಗುವುದು.

ಗಿಡಮೂಲಿಕೆಗಳ ಕಡೆಗೆ ವಿಜ್ಞಾನಿಗಳು ತಿರುಗಿದ್ದು ಕೇವಲ ಹಿರಿಯರ ಮೇಲಣ ಗೌರವದಿಂದಲ್ಲ. ಗಿಡವು ನಿಂತಲ್ಲಿಂದ ಓಡಲಾರದು. ಬೂಷ್ಟು ಬಂದು ಮುತ್ತಿದರೆ ನಿಂತಲ್ಲಿಯೇ ಹೋರಾಡಬೇಕು. ಆದಕಾರಣ ಶಿಲೀಂಧ್ರಗಳನ್ನು ತಡೆಯುವ ದ್ರವ್ಯಗಳನ್ನು ಅದು ತನ್ನ ಎಲೆ, ತೊಗಟೆ, ಗಡ್ಡೆಗಳಲ್ಲಿ ಕೂಡಿಟ್ಟುಕೊಂಡಿರುವುದು. ಲವಂಗದ ಯೂಜೆನಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ಓಮದ ಥೈಮಾಲ್ ಇಂತಹವು. ಬೆಳ್ಳುಳ್ಳಿಯದು ಇನ್ನೂ ವಿಚಿತ್ರವಾದ ಏರ್ಪಾಡು.

ಬೆಳ್ಳುಳ್ಳಿಗೆ ಸಂಸ್ಕೃತದಲ್ಲಿ ಲಶುನ, ರಸೋನ ಎಂಬ ಹೆಸರುಗಳಿವೆ. ಆರು ರಸಗಳಲ್ಲಿ ಆಮ್ಲವೊಂದು ಮಾತ್ರ ಊನವಾದುದರಿಂದ ರಸೋನವೆಂದು ನಿಘಂಟುಕಾರರ ವಿವರಣೆ. ೧೮೯೦ರಲ್ಲಿ ಮಧ್ಯ ಏಷ್ಯದ ಕೂಚಾ ಎಂಬಲ್ಲಿ ಬೋವರ್ ಎಂಬ ಸೇನಾಧಿಕಾರಿಗೆ ದೊರೆತ ಭೂರ್ಜಪತ್ರದ ಪ್ರಾಚೀನ ಸಂಸ್ಕೃತ ಹಸ್ತಪ್ರತಿಯಲ್ಲಿ ವೈದ್ಯವಿಷಯಕವಾದ ಮೊದಲನೆಯ ಭಾಗವು ಬೆಳ್ಳುಳ್ಳಿಯನ್ನು ಕುರಿತದ್ದೇ ಆಗಿದೆ. ಇಷ್ಟು ಪುರಾತನ ಪ್ರಸಿದ್ಧಿಯುಳ್ಳ ಈ ದ್ರವ್ಯದ ಮರ್ಮವನ್ನು ೧೯೪೪ರಲ್ಲಿ ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಎಂಬ ರಸಾಯನಜ್ಞರು ಹೊರಗೆಡಹಿದರು. ಅವರು ಬೇರ್ಪಡಿಸಿದ ತೀಕ್ಷ್ಣವಾದ ದ್ರವ್ಯಕ್ಕೆ ಅಲಿಸಿನ್ ಎಂದು ಹೆಸರು. ವಿಶೇಷವೇನೆಂದರೆ ಸುಲಿಯದ, ಜಜ್ಜದ ಬೆಳ್ಳುಳ್ಳಿಯ ಎಸಳಿನಲ್ಲಿ ಅಲಿಸಿನ್ ಇಲ್ಲವೇ ಇಲ್ಲವೆನ್ನಬಹುದು. ಅಲಿಯಿನ್ ಎಂಬ ವಾಸನೆಯಿಲ್ಲದ ವಸ್ತು ಒಂದು ಕೋಣೆಯಲ್ಲಿ, ಅದನ್ನು ಪರಿವರ್ತಿಸುವ ಅಲಿನೇಸ್ ಎಂಬ ದ್ರವ್ಯ ಮತ್ತೊಂದು ಕೋಣೆಯಲ್ಲಿ ಪ್ರತ್ಯೇಕವಾಗಿರುವುವು. ಜಜ್ಜಿದಾಗ ಗೋಡೆಗಳು ಒಡೆದು ಎರಡೂ ಕೂಡಿ ಅಲಿಸಿನ್ ಹುಟ್ಟುವುದು. ಆಗಲೇ ನಮಗೆ ಪರಿಚಿತವಾದ ಘಾಟೂ ಏಳುವುದು. ಬೆಳ್ಳುಳ್ಳಿಯನ್ನು ಇಡಿಯಾಗಿ ಕುದಿಸಿದರೆ ಅಲಿನೇಸ್ ಶಾಖಕ್ಕೆ ಕೆಟ್ಟು, ಅಲಿಸಿನ್ ಹುಟ್ಟಲು ಅವಕಾಶವೇ ಇರುವುದಿಲ್ಲ.

ಇಲ್ಲಿ ನಮ್ಮ ಪೂರ್ವಿಕರ ಒಂದು ವಿವೇಕವನ್ನು ಸ್ಮರಿಸಬೇಕು. ಚರಕಸಂಹಿತೆಯಲ್ಲಿ ಔಷಧಿಯಿಂದ ಸಾರ ತೆಗೆಯುವ ಐದು ಬಗೆಗಳನ್ನು ಹೇಳಿದೆ: ಹಿಂಡಿದ ಸ್ವರಸ, ಅರೆದ ಕಲ್ಕ, ಕುದಿಸಿದ ಕ್ವಾಥ, ತಣ್ಣೀರಿನಲ್ಲಿ ನೆನೆಯಿಸಿದ ಹಿಮ, ಬಿಸಿನೀರಿನಲ್ಲಿ ನೆನೆಯಿಸಿ ಕಿವುಚಿದ ಫಾಂಟ. ಗಿಡ ಒಂದೇ ಆದರೂ ಬಗೆ ಬೇರೆಯಾದರೆ ಗುಣ ಬೇರೆಯಾಗುವುದೆಂಬುದನ್ನು ಅವರು ಬಲ್ಲವರಾಗಿದ್ದರು. ಇಂದಿನ ಪರೀಕ್ಷಕರೂ ಒಂದೇ ಎಲೆಯನ್ನು ನೀರಿನಲ್ಲಿ, ಮದ್ಯಸಾರದಲ್ಲಿ, ಇತರ ದ್ರಾವಕಗಳಲ್ಲಿ ಬೇರೆ ಬೇರೆಯಾಗಿ ನೆನೆಯಿಸಿ ಸಾರ ತೆಗೆಯುವರು. ಆದುದರಿಂದ ಮದ್ಯಸಾರದಲ್ಲಿ ತೆಗೆದ ಸಾರವು ಯೀಸ್ಟನ್ನು ಕೊಂದಿತೆಂಬ ವಾರ್ತೆಯನ್ನು ಓದಿ, ಮನೆಯಲ್ಲಿ ಅದೇ ಎಲೆಯ ಕಷಾಯವನ್ನು ಕುಡಿಯುವವನು ಪರೀಕ್ಷಿತವಾದ ವಸ್ತುವನ್ನು ಕುಡಿಯುತ್ತಿಲ್ಲ; ಅದರ ಹೆಸರನ್ನು ಮಾತ್ರ ಕುಡಿಯುತ್ತಿದ್ದಾನೆ.

ಇನ್ನು ಪರೀಕ್ಷೆಯ ಕ್ರಮ. ಯೀಸ್ಟನ್ನು ಬೆಳೆಯಿಸುವುದಕ್ಕೆ ಒಂದು ಹೊಲ ಬೇಕಷ್ಟೆ. ಅದು ಅಗರ್ ಎಂಬ ಪದಾರ್ಥದಿಂದ ಗಟ್ಟಿಮಾಡಿದ ಪೋಷಕ ರಸ. ಹಾಲಿನ ಸಿಹಿಖಾದ್ಯಗಳಿಗೆ ನಮ್ಮ ಮನೆಗಳಲ್ಲಿ ಹಾಕುವ ಚೈನಾ ಗ್ರಾಸೇ ಈ ಅಗರ್, ಕಡಲಪಾಚಿಯಿಂದ ಆದದ್ದು. ಇದು ಪ್ರಯೋಗಶಾಲೆಗೆ ಬಂದುದೂ ಅಡಿಗೆಯ ಮನೆಯಿಂದಲೇ. ಜರ್ಮನಿಯ ವಿಜ್ಞಾನಿ ವಾಲ್ಥರ್ ಹೆಸ್ಸೆಯವರ ಪತ್ನಿ ಫ್ಯಾನಿ ಹೆಸ್ಸೆಯವರು ಹಣ್ಣಿನ ಪಾಕವನ್ನು ಬೇಸಗೆಯಲ್ಲಿಯೂ ಕರಗದಂತೆ ಅಗರಿನಿಂದ ಗಟ್ಟಿಮಾಡುತ್ತಿದ್ದರು. ಗಂಡನ ಪ್ರಯೋಗದ ತಟ್ಟೆಗಳು ಸೆಕೆಗೆ ಕರಗಿಹೋಗುವುದನ್ನು ಕಂಡು ೧೮೮೧ರ ಸುಮಾರಿನಲ್ಲಿ ಇದನ್ನು ಸೂಚಿಸಿದರು. ಇಂದು ಲೋಕದ ಯಾವ ಪ್ರಯೋಗಶಾಲೆಯೂ ಆ ಗೃಹಿಣಿಯ ಉಪಾಯವಿಲ್ಲದೆ ನಡೆಯದು.

ಮುಚ್ಚಳವಿರುವ ಚಪ್ಪಟೆಯ ತಟ್ಟೆಯಲ್ಲಿ ಈ ಅಗರನ್ನು ಹುಯ್ದು, ಅದರ ಮೇಲೆ ಯೀಸ್ಟನ್ನು ಸಮನಾಗಿ ಸವರಿ, ಸಾರದಲ್ಲಿ ಅದ್ದಿದ ಕಾಗದದ ಚಿಕ್ಕ ಬಿಲ್ಲೆಯನ್ನು ಇಡುವರು. ಬಿಲ್ಲೆಯ ಅಡ್ಡಳತೆ ಸಾಮಾನ್ಯವಾಗಿ ೬ ಮಿಲಿಮೀಟರು. ಹೆಚ್ಚುಕಡಿಮೆ ನಮ್ಮ ಮೈಯ ಕಾವಿನಲ್ಲಿ ಒಂದೆರಡು ದಿನ ಇಟ್ಟರೆ ತಟ್ಟೆಯೆಲ್ಲ ಯೀಸ್ಟು ಬೆಳೆದು ಬೆಳ್ಳಗಾಗುವುದು. ಸಾರದಲ್ಲಿ ಶಕ್ತಿಯಿದ್ದರೆ ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆಯದೆ, ಚಂದ್ರನ ಪರಿವೇಷದಂತೆ ಒಂದು ತಿಳಿಯಾದ ಬಳೆ ಉಳಿಯುವುದು. ಜಜ್ಜಿದ ಹಸಿಯ ಬೆಳ್ಳುಳ್ಳಿಯ ರಸಕ್ಕೆ ಈ ಬಳೆ ಚೆನ್ನಾಗಿಯೇ ಬರುವುದು. ವೃತ್ತಪತ್ರಿಕೆಯ ವಾರ್ತೆ ಬಹುಶಃ ಹುಟ್ಟುವುದು ಇಲ್ಲಿ.

ಪ್ರಾಮಾಣಿಕನಾದ ಪರೀಕ್ಷಕನು ಇಲ್ಲಿಗೆ ನಿಲ್ಲುವುದಿಲ್ಲ. ಬರಿಯ ದ್ರಾವಕದಲ್ಲಿ ಅದ್ದಿದ ಬಿಲ್ಲೆಯೊಂದನ್ನು ಪಕ್ಕದಲ್ಲಿ ಇಡುವನು. ಅದರ ಸುತ್ತಲೂ ಬಳೆ ಬಂದರೆ ಕೀರ್ತಿ ಎಲೆಗಲ್ಲ, ಮದ್ಯಸಾರಕ್ಕೆ ಸಲ್ಲಬೇಕು. ಫ್ಲುಕೊನಜೋಲಿನಂತಹ ಗುರುತಾದ ಔಷಧದ ಬಿಲ್ಲೆಯನ್ನೂ ಇಟ್ಟು ಹೋಲಿಸುವನು. ತಂದ ಗಿಡವು ಹೆಸರಿಗೆ ತಕ್ಕ ಗಿಡವೇ ಹೌದೇ ಎಂದು ಸಸ್ಯಶಾಸ್ತ್ರಜ್ಞರಿಗೆ ತೋರಿಸಿ, ಮಾದರಿಯನ್ನು ಒಣಗಿಸಿ ಕಾಪಾಡುವನು. ಏಕೆಂದರೆ ನಮ್ಮಲ್ಲಿ ಒಂದು ಹೆಸರಿಗೆ ಮೂರು ಗಿಡ, ಒಂದು ಗಿಡಕ್ಕೆ ಊರಿಗೊಂದು ಹೆಸರು. ಬಳೆಯ ಅಗಲವೂ ಮೋಸಮಾಡುವುದುಂಟು. ನೀರಿನಲ್ಲಿ ಬೆರೆಯದ ಎಣ್ಣೆಯಂತಹ ದ್ರವ್ಯವು ಅಗರಿನಲ್ಲಿ ದೂರ ಹರಿಯಲಾರದು. ಶಕ್ತಿ ಹೆಚ್ಚಿದ್ದರೂ ಬಳೆ ಕಿರಿದಾಗಿ ಕಾಣುವುದು.

ಆದುದರಿಂದ ಎರಡನೆಯ ಪರೀಕ್ಷೆ ಬೇಕಾಗುವುದು. ೯೬ ಕುಳಿಗಳಿರುವ ಒಂದು ಹಲಗೆಯಲ್ಲಿ ಪೋಷಕ ರಸವನ್ನು ತುಂಬಿ, ಸಾರವನ್ನು ಮೊದಲನೆಯ ಕುಳಿಯಲ್ಲಿ ಇಷ್ಟು, ಎರಡನೆಯದರಲ್ಲಿ ಅದರ ಅರ್ಧ, ಮೂರನೆಯದರಲ್ಲಿ ಅದರರ್ಧ, ಹೀಗೆ ಇಳಿಸುತ್ತ ಹೋಗಿ, ಎಲ್ಲದಕ್ಕೂ ಯೀಸ್ಟನ್ನು ಸಮವಾಗಿ ಸೇರಿಸುವರು. ಯೀಸ್ಟು ಬೆಳೆಯದ ಅತ್ಯಲ್ಪ ಪ್ರಮಾಣ ಯಾವುದೋ ಅದೇ ಆ ಸಾರದ ಬೆಲೆ. ಬಳಿಕ ತಿಳಿಯಾಗಿ ಉಳಿದ ಕುಳಿಯಿಂದ ಒಂದು ತೊಟ್ಟನ್ನು ಹೊಸ ತಟ್ಟೆಯ ಮೇಲೆ ಹಾಕಿ ನೋಡುವರು. ಯೀಸ್ಟು ಮತ್ತೆ ಚಿಗುರಿದರೆ ಸಾರವು ಅದನ್ನು ಸ್ತಂಭನಗೊಳಿಸಿತ್ತೇ ಹೊರತು ಮಾರಣ ಮಾಡಿರಲಿಲ್ಲವೆಂದು ತಿಳಿಯಬೇಕು. ಒಳ್ಳೆಯ ಔಷಧವು ಗ್ರಾಮಿನ ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಮೆಯ ಪ್ರಮಾಣದಲ್ಲಿ ಒಂದು ಮಿಲಿಲೀಟರಿನಲ್ಲಿದ್ದರೂ ಕೆಲಸ ಮಾಡುವುದು; ಅದೇ ಕೆಲಸಕ್ಕೆ ಸಾವಿರಪಾಲು ಬೇಕಾಗುವ ಎಲೆಯ ಸಾರವನ್ನು ಔಷಧವೆಂದು ಹೊಗಳುವುದರಲ್ಲಿ ಅರ್ಥವಿಲ್ಲ. ಅಷ್ಟನ್ನು ರಕ್ತದಲ್ಲಿ ತುಂಬಲು ಯಾರ ಹೊಟ್ಟೆಯಿಂದಲೂ ಆಗದು.

ಈ ಎಲ್ಲವನ್ನೂ ಗೆದ್ದು ಬಂದ ಬೆಳ್ಳುಳ್ಳಿಗೆ ಮನುಷ್ಯದೇಹದಲ್ಲಿ ಏನಾಯಿತು? ೨೦೧೪ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನಿನ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಡುವುದು. ಜನನಾಂಗದಲ್ಲಿ ಕ್ಯಾಂಡಿಡ ಇರುವುದು ಪರೀಕ್ಷೆಯಿಂದ ತಿಳಿದಿದ್ದು, ರೋಗಲಕ್ಷಣಗಳಿಲ್ಲದ ೬೩ ಮಂದಿ ಸ್ತ್ರೀಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೆಳ್ಳುಳ್ಳಿಯ ಗುಳಿಗೆ, ಇನ್ನೊಂದಕ್ಕೆ ಔಷಧವಿಲ್ಲದ ತದ್ರೂಪಿ ಗುಳಿಗೆಯನ್ನು ೧೪ ದಿನ ಕೊಟ್ಟರು. ಯಾರಿಗೆ ಯಾವುದು ಹೋಯಿತೆಂಬುದು ಕೊಡುವವರಿಗೂ ತಿಳಿಯದು, ನುಂಗುವವರಿಗೂ ತಿಳಿಯದು. ಕಡೆಗೆ ಯೀಸ್ಟನ್ನು ಎಣಿಸಿ ನೋಡಲಾಗಿ, ಬೆಳ್ಳುಳ್ಳಿಯಿಂದ ಪ್ರಯೋಜನವಾಯಿತೆಂದು ಹೇಳುವಂತಹ ವ್ಯತ್ಯಾಸ ಕಂಡುಬರಲಿಲ್ಲ. ಪ್ರಯೋಗ ಸಣ್ಣದೆಂಬುದು ದಿಟ. ಆದರೆ ಫಲವು ಆಶ್ಚರ್ಯಕರವಲ್ಲ. ಅಲಿಸಿನ್ ಅಲ್ಪಾಯು, ದೇಹದೊಳಗೆ ಕ್ಷಣಮಾತ್ರದಲ್ಲಿ ಬೇರೆ ರೂಪಗಳಾಗಿ ಒಡೆದುಹೋಗುವುದು. ಬೆಳ್ಳುಳ್ಳಿ ತಿಂದವರ ರಕ್ತದಲ್ಲಿ ಹುಡುಕಿದವರಿಗೆ ಅದು ಸಿಕ್ಕಿಲ್ಲ. ತಟ್ಟೆಯಲ್ಲಿ ಶತ್ರುವಿನ ಎದುರಿಗೇ ನಿಂತಿದ್ದ ಯೋಧನು ಇಲ್ಲಿ ರಣರಂಗವನ್ನೇ ತಲಪಲಿಲ್ಲ.

ಹಾಗಾದರೆ ಈ ದಾರಿಯನ್ನು ಕಡೆಯವರೆಗೆ ನಡೆದ ದ್ರವ್ಯಗಳು ಇಲ್ಲವೆ? ಇವೆ. ಹರಳೆಣ್ಣೆಯನ್ನು ತೀವ್ರವಾದ ಶಾಖದಿಂದ ಒಡೆದು ಪಡೆಯುವ ಅಂಡಿಸಿಲಿನಿಕ್ ಆಮ್ಲವು ೧೯೪೦ರ ದಶಕದಿಂದ ಚರ್ಮದ ಶಿಲೀಂಧ್ರರೋಗಗಳಿಗೆ ಲೇಪವಾಗಿ ಬಳಕೆಗೆ ಬಂದಿತು. ಮೂಲ ನಮ್ಮ ಹರಳುಗಿಡವೇ. ಆದರೆ ಔಷಧವು ಹರಳೆಣ್ಣೆಯಲ್ಲ, ಅದರಿಂದ ಬೇರ್ಪಟ್ಟು ಅಳತೆಗೆ ಒಳಗಾದ ವಸ್ತು. ನಿಸ್ಟಾಟಿನ್ನಿನ ಕಥೆ ಇನ್ನೂ ಬೋಧಪ್ರದವಾದುದು. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಆರೋಗ್ಯ ಇಲಾಖೆಯಲ್ಲಿ ಎಲಿಜಬೆತ್ ಹೇಜನ್, ರೇಚೆಲ್ ಬ್ರೌನ್ ಎಂಬ ಇಬ್ಬರು ವಿದುಷಿಯರಿದ್ದರು. ಹೇಜನ್‌ರವರು ನ್ಯೂಯಾರ್ಕ್ ನಗರದಲ್ಲಿ ಮಣ್ಣಿನ ಮಾದರಿಗಳಿಂದ ಅಣುಜೀವಿಗಳನ್ನು ಬೆಳೆಯಿಸಿ, ಶಿಲೀಂಧ್ರಗಳ ಮೇಲೆ ಪರೀಕ್ಷಿಸಿ, ಫಲ ತೋರಿದವುಗಳನ್ನು ಅಂಚೆಯ ಮೂಲಕ ಆಲ್ಬನಿಯಲ್ಲಿದ್ದ ಬ್ರೌನ್‌ರವರಿಗೆ ಕಳುಹಿಸುವರು. ಇವರು ಅದರ ಸಾರವನ್ನು ಬೇರ್ಪಡಿಸಿ ಹಿಂದಕ್ಕೆ ಕಳುಹಿಸುವರು. ಶಿಲೀಂಧ್ರವನ್ನು ಕೊಂದ ಸಾರಗಳು ಹಲವು ಸಿಕ್ಕಿದುವು. ಆದರೆ ಅವುಗಳಲ್ಲಿ ಬಹುಪಾಲು ಪ್ರಯೋಗದ ಪ್ರಾಣಿಗಳಿಗೂ ವಿಷವಾಗಿದ್ದುವು. ಅವುಗಳನ್ನೆಲ್ಲ ತಳ್ಳಿಹಾಕಿ, ವರ್ಜೀನಿಯದ ಒಂದು ಹೊಲದ ಮಣ್ಣಿನಿಂದ ಬಂದ ಒಂದನ್ನು ಉಳಿಸಿಕೊಂಡು, ೧೯೫೦ರಲ್ಲಿ ಲೋಕಕ್ಕೆ ತಿಳಿಸಿದರು. ತಮ್ಮ ಸಂಸ್ಥಾನದ ಹೆಸರಿನಿಂದಲೇ ಅದನ್ನು ನಿಸ್ಟಾಟಿನ್ ಎಂದು ಕರೆದರು. ಅದರಿಂದ ಬಂದ ಒಂದು ಕೋಟಿ ಡಾಲರಿಗೂ ಮಿಕ್ಕ ಗೌರವಧನವನ್ನು ತಾವು ಮುಟ್ಟದೆ ವಿಜ್ಞಾನಕಾರ್ಯಗಳಿಗೆ ವಿನಿಯೋಗಿಸಿದರು. ಕೊಲ್ಲುವುದನ್ನು ಕಂಡುಹಿಡಿಯುವುದು ಸುಲಭ, ರೋಗಿಯನ್ನು ಉಳಿಸಿ ರೋಗವನ್ನು ಕೊಲ್ಲುವುದನ್ನು ಆರಿಸುವುದು ಕಷ್ಟವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಗೃಹಸ್ಥರಿಗೆ ಇದರಿಂದ ಬರುವ ಪ್ರಯೋಜನವನ್ನು ಈಗ ಹೇಳಬೇಕು. ಕೂಸಿನ ಬಾಯಲ್ಲಿ ಬಿಳಿಯ ಪೊರೆ ಕಂಡರೆ ಜೇನುತುಪ್ಪದಲ್ಲಿ ಬಿಳಿಗಾರವನ್ನು ಕಲಸಿ ತಿಕ್ಕುವ ವಾಡಿಕೆ ಹಿಂದೆ ಇದ್ದಿತು. ಇದನ್ನು ಬಿಡಬೇಕು. ಬಿಳಿಗಾರವು ಶಿಶುಗಳಿಗೆ ವಿಷ. ಜೇನುತುಪ್ಪವೂ ಒಂದು ವರ್ಷ ತುಂಬದ ಮಗುವಿಗೆ ಕೂಡದು, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯದಿಂದ ಎಳೆಯ ಕರುಳಿನಲ್ಲಿ ಘೋರವಾದ ವಿಷ ಹುಟ್ಟುವ ಸಂಭವವಿದೆ. ವೈದ್ಯರು ಕೊಡುವ ನಿಸ್ಟಾಟಿನಿನಂತಹ ಔಷಧದಿಂದ ಈ ಪೊರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೋಗುವುದು. ಮೊಲೆಯುಣ್ಣುವ ಕೂಸಾದರೆ ತಾಯಿಯ ಸ್ತನಾಗ್ರಕ್ಕೂ ಚಿಕಿತ್ಸೆ ಬೇಕಾಗಬಹುದೆಂದು ಕೇಳಿ ತಿಳಿಯಬೇಕು. ಅರೆದ ಬೆಳ್ಳುಳ್ಳಿಯನ್ನು ಮೃದುವಾದ ಅಂಗಗಳಿಗೆ ಕಟ್ಟಿದರೆ ಬೆಂಕಿಯಿಂದ ಸುಟ್ಟಂತೆ ಬೊಬ್ಬೆಗಳೇಳುವುವು. ಲವಂಗ, ದಾಲ್ಚಿನ್ನಿಗಳ ಎಣ್ಣೆಯೂ ಹಾಗೆಯೇ. ಊಟದಲ್ಲಿ ಇವನ್ನು ಬಳಸುವುದಕ್ಕೆ ಅಡ್ಡಿಯಿಲ್ಲ. ಆದರೆ ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ಬೆಳ್ಳುಳ್ಳಿಯ ಗುಳಿಗೆಗಳನ್ನು ವೈದ್ಯರಿಗೆ ತಿಳಿಸದೆ ಹೆಚ್ಚಾಗಿ ನುಂಗಬಾರದು.

ದೊಡ್ಡವರಿಗೆ ಬಾಯಲ್ಲಿ ಈ ಪೊರೆ ಪದೇ ಪದೇ ಬರುತ್ತಿದ್ದರೆ ಮನೆಮದ್ದನ್ನು ಹುಡುಕುವುದಕ್ಕೆ ಮೊದಲು ರಕ್ತದ ಸಕ್ಕರೆಯನ್ನು ಪರೀಕ್ಷೆಮಾಡಿಸಬೇಕು. ಒಳಗೆ ಅಡಗಿರುವ ರೋಗಕ್ಕೆ ಹೊರಗಿನ ಸೂಚನೆ ಇದಾಗಿರಬಹುದು. ನುಂಗುವಾಗ ನೋವಾದರೆ ತಡಮಾಡಲೇ ಬಾರದು. ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ತೊಳೆದಿಡಬೇಕು. ಉಬ್ಬಸಕ್ಕಾಗಿ ಸ್ಟೀರಾಯ್ಡ್ ಔಷಧವನ್ನು ಬಾಯಿಂದ ಸೇದುವವರು ಸೇದಿದ ಬಳಿಕ ಬಾಯಿ ಮುಕ್ಕಳಿಸಬೇಕು. ಸ್ತ್ರೀಯರ ವಿಷಯದಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳುವೆವು. ತುರಿಕೆಯೆಲ್ಲ ಯೀಸ್ಟಿನದಲ್ಲ, ಬೇರೆ ರೋಗಗಳಿಗೂ ಇವೇ ಲಕ್ಷಣಗಳಿರುವುವು, ಅವುಗಳ ಚಿಕಿತ್ಸೆಯೂ ಬೇರೆ. ಲಜ್ಜೆಯಿಂದ ತಿಂಗಳುಗಟ್ಟಲೆ ಮರೆಸಿ, ಕೇಳಿಬಂದ ಸೊಪ್ಪನ್ನೆಲ್ಲ ಹಚ್ಚಿ ನರಳುವ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿ ಇಂದೂ ಇದ್ದಾರೆ. ಮನೆಯ ಹಿರಿಯರು ಅವರನ್ನು ವೈದ್ಯರ ಬಳಿಗೆ ಕಳುಹಿಸುವುದನ್ನು ಒಂದು ಮರ್ಯಾದೆಯ ಪ್ರಶ್ನೆಯಾಗಿ ಮಾಡಬಾರದು.

ಇಷ್ಟು ಹೇಳಿದುದರಿಂದ ಪೂರ್ವಿಕರ ವೈದ್ಯಕ್ಕೆ ಅಗೌರವವಾಯಿತೆಂದು ಯಾರೂ ಭಾವಿಸಬಾರದು. ಚರಕನು ಪರೀಕ್ಷೆಯ ಸಾಧನಗಳನ್ನು ಎಣಿಸುವಾಗ ಆಪ್ತೋಪದೇಶವೊಂದಕ್ಕೇ ನಿಲ್ಲಿಸಲಿಲ್ಲ. ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂಬ ಮೂರನ್ನು ಅದರ ಜತೆಗೆ ಸೇರಿಸಿದನು. ಅಜ್ಜಿಯ ಮಾತು ಆಪ್ತೋಪದೇಶ. ಯಾವ ಗಿಡವನ್ನು ಪರೀಕ್ಷಿಸಬೇಕೆಂಬುದನ್ನು ಅದು ತೋರಿಸುವುದು. ತಟ್ಟೆಯ ಮೇಲಿನ ಬಳೆ ಪ್ರತ್ಯಕ್ಷ. ಆದರೆ ಅದು ತಟ್ಟೆಯೊಂದರ ಪ್ರತ್ಯಕ್ಷವೇ ಹೊರತು ರೋಗಿಯದಲ್ಲ. ರೋಗಿಗೆ ಹಿತವಾಗುವುದೆಂಬುದು ಇನ್ನೂ ಅನುಮಾನದ ಸ್ಥಿತಿಯಲ್ಲಿರುವುದು. ಅದನ್ನು ನಿಶ್ಚಯಪಡಿಸತಕ್ಕದ್ದು ಮೆಲ್ಬೋರ್ನಿನವರು ಮಾಡಿದಂತಹ ಪ್ರಯೋಗ. ಇನ್ನು ಮುಂದೆ ಇಂತಹ ವಾರ್ತೆಯನ್ನು ಓದಿದಾಗ ಮನೆಯವರು ಮೂರು ಪ್ರಶ್ನೆ ಕೇಳಿಕೊಳ್ಳಲಿ: ಸಾರವನ್ನು ತೆಗೆದದ್ದು ಯಾವುದರಲ್ಲಿ? ಯೀಸ್ಟನ್ನು ತಡೆಯಲು ಬೇಕಾದದ್ದು ಎಷ್ಟು? ನೋಡಿದ್ದು ತಟ್ಟೆಯಲ್ಲಿಯೋ, ಮನುಷ್ಯರಲ್ಲಿಯೋ? ಮೂರಕ್ಕೂ ಉತ್ತರ ಸಿಕ್ಕುವವರೆಗೆ ಬೆಳ್ಳುಳ್ಳಿಯು ಸಾರಿನ ಒಗ್ಗರಣೆಯಲ್ಲಿಯೇ ಇರಲಿ.